ಬೀಗದ ವಿದ್ಯೆಯನ್ನು ಎಲ್ಲಿ ಕಲಿಯಬೇಕು?

ಜಾತ್ರೆಯನ್ನು ಮುಗಿಸಿಕೊಂಡು ರಾತ್ರಿ ಹತ್ತು ಗಂಟೆಗೆ ಮನೆಗೆ ಹಿಂದಿರುಗುತ್ತೇವೆ. ಬಾಗಿಲ ಮುಂದೆ ನಿಂತು ಜೇಬಿಗೆ ಕೈ ಹಾಕಿದರೆ ಬೀಗದಕೈ ಇಲ್ಲ. ಮಕ್ಕಳು ಜಗಲಿಯ ಮೇಲೆಯೇ ತೂಕಡಿಸತೊಡಗುತ್ತಾರೆ. ಒಬ್ಬರು ಬಾಗಿಲನ್ನು ಒಡೆಯೋಣವೆನ್ನುತ್ತಾರೆ, ಇನ್ನೊಬ್ಬರು ಹೆಂಚು ತೆಗೆದು ಇಳಿಯೋಣವೆನ್ನುತ್ತಾರೆ. ಅಷ್ಟರಲ್ಲಿ ನೆರೆಯವರು ಯಾರೋ ಪೇಟೆಬೀದಿಯ ಬೀಗ ರಿಪೇರಿಯವನನ್ನು ಕರೆತರುತ್ತಾರೆ. ಅವನು ಬೀಗವನ್ನು ಒಮ್ಮೆ ನೋಡಿ, ಚೀಲದಿಂದ ಒಂದೆರಡು ಸಣ್ಣ ಉಪಕರಣಗಳನ್ನು ತೆಗೆದು, ಕಣ್ಣಿಗಿಂತ ಹೆಚ್ಚಾಗಿ ಬೆರಳನ್ನೇ ನಂಬಿ ಕೆಲಸ ಮಾಡುತ್ತಾನೆ. ಐದು ನಿಮಿಷಗಳಲ್ಲಿ ಬಾಗಿಲು ತೆರೆಯುತ್ತದೆ. ಬೀಗಕ್ಕೆ ಒಂದು ಗೀರು ಕೂಡ ಬಿದ್ದಿಲ್ಲ!

ಇದನ್ನು ನೋಡಿದ ತರುಣನೊಬ್ಬನಿಗೆ ತಾನೂ ಈ ವಿದ್ಯೆಯನ್ನು ಕಲಿಯಬೇಕೆಂಬ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಒಳ್ಳೆಯ ಕಸಬು, ಯಾವ ಊರಿಗೆ ಹೋದರೂ ನಡೆಯುವ ಕಸಬು. ಆದರೆ ಎಲ್ಲಿ ಕಲಿಯಬೇಕು? ‘ಕೆಲವೇ ದಿನಗಳಲ್ಲಿ ಪರಿಣತರಾಗಿರಿ’ ಎಂದು ಕರೆಯುವ ತರಬೇತಿಗಳಿವೆ. ವರ್ಷಗಟ್ಟಲೆ ಕಲಿಸುವ ಶಾಲೆಗಳೂ ಇವೆ. ಯಾವುದು ಹಿತ, ಯಾವುದು ಹಣದ ಪೋಲು ಎಂಬುದನ್ನು ತಿಳಿಯುವ ಬಗೆ ಹೇಗೆ? ತರಬೇತಿಯ ಬೆಲೆಯನ್ನು ಅಳೆಯಬೇಕಾದರೆ ಮೊದಲು ವಿದ್ಯೆಯ ಆಳವನ್ನು ಅಳೆಯಬೇಕು. ಆದುದರಿಂದ ನಾವು ಮೊದಲು ಬೀಗವನ್ನೇ ಬಿಚ್ಚಿ ಅದರೊಳಗೆ ಏನಿದೆಯೆಂದು ನೋಡೋಣ.

ಬೀಗದ ಹೊಟ್ಟೆಯಲ್ಲಿ

ಉತ್ತರ ಕರ್ನಾಟಕದವರು ಇದನ್ನು ಕೀಲಿಯೆನ್ನುತ್ತಾರೆ, ಮೈಸೂರಿನ ಕಡೆಯವರು ಬೀಗವೆನ್ನುತ್ತಾರೆ. ಹೆಸರು ಯಾವುದಾದರೂ ತತ್ತ್ವ ಒಂದೇ: ಅಗುಳಿಯನ್ನು ತಡೆದು ನಿಲ್ಲಿಸುವ ಒಂದು ಅಡ್ಡಿ, ಆ ಅಡ್ಡಿಯನ್ನು ಸರಿಯಾದ ಕೈ ಮಾತ್ರವೇ ನಿವಾರಿಸುವಂತೆ ಮಾಡಿರುವ ಒಂದು ಏರ್ಪಾಡು.

ಇಂದು ಬಾಗಿಲುಗಳಲ್ಲಿ ಹೇರಳವಾಗಿ ಕಾಣುವುದು ಮೊಳೆಬೀಗ. ಪ್ರಾಚೀನ ಈಜಿಪ್ಟಿನ ಜನರು ಮರದಲ್ಲಿ ಇಂತಹ ಬೀಗವನ್ನು ಮಾಡಿಕೊಂಡಿದ್ದರು. ಮೇಲಿನಿಂದ ಬೀಳುವ ಮರದ ಮೊಳೆಗಳು ಅಗುಳಿಯ ರಂಧ್ರಗಳಲ್ಲಿ ಸೇರಿ ಅದನ್ನು ಹಿಡಿದುಕೊಳ್ಳುತ್ತಿದ್ದವು. ದೊಡ್ಡ ಹಲ್ಲುಜ್ಜುವ ಬ್ರಷ್ಷಿನಂತಿದ್ದ ಮರದ ಕೈಯನ್ನು ಒಳಗೆ ತೂರಿಸಿ ಎತ್ತಿದರೆ ಮೊಳೆಗಳು ಮೇಲೇರಿ ಅಗುಳಿ ಬಿಡುಗಡೆಯಾಗುತ್ತಿತ್ತು. ಸಾವಿರಾರು ವರ್ಷಗಳ ತರುವಾಯ ಅಮೆರಿಕದ ಲೈನಸ್ ಯೇಲ್ ಎಂಬಾತನೂ, ಅದೇ ಹೆಸರಿನ ಅವನ ಮಗನೂ ಈ ತತ್ತ್ವವನ್ನೇ ಲೋಹಕ್ಕೆ ಇಳಿಸಿದರು. ಮಗನು ೧೮೬೦ರ ದಶಕದಲ್ಲಿ ರೂಪಿಸಿದ ಚಪ್ಪಟೆ ಕೈಯ ಪುಟ್ಟ ಬೀಗವೇ ಇಂದಿನ ಬಾಗಿಲುಬೀಗಗಳ ಮೂಲಪುರುಷ.

ಅದರ ರಚನೆ ಹೀಗಿದೆ. ಹೊರಗೊಂದು ಕದಲದ ಕವಚ. ಅದರೊಳಗೆ ತಿರುಗುವ ಒಂದು ಉರುಳೆ. ಬೀಗದಕೈಯನ್ನು ತೂರಿಸುವುದು ಈ ಉರುಳೆಯೊಳಕ್ಕೆ. ಕವಚದಿಂದ ಉರುಳೆಯವರೆಗೆ ನೇರವಾಗಿ ಐದೋ ಆರೋ ರಂಧ್ರಗಳು ಸಾಲಾಗಿ ಇಳಿದಿರುತ್ತವೆ. ಪ್ರತಿಯೊಂದು ರಂಧ್ರದಲ್ಲಿಯೂ ಒಂದರ ಮೇಲೊಂದು ಎರಡು ಮೊಳೆಗಳು. ಅವುಗಳ ಮೇಲೊಂದು ಸ್ಪ್ರಿಂಗು. ಕೈ ಇಲ್ಲದಾಗ ಮೇಲಿನ ಮೊಳೆಯು ಅರ್ಧ ಕವಚದಲ್ಲಿಯೂ ಅರ್ಧ ಉರುಳೆಯಲ್ಲಿಯೂ ನಿಂತಿರುತ್ತದೆ. ಆದುದರಿಂದ ಉರುಳೆ ತಿರುಗಲಾರದು. ಸರಿಯಾದ ಕೈಯನ್ನು ತೂರಿಸಿದಾಗ ಅದರ ಕಚ್ಚುಗಳು ಕೆಳಗಿನ ಮೊಳೆಗಳನ್ನು ಎತ್ತುತ್ತವೆ. ಎಲ್ಲ ಜೋಡಿಗಳಲ್ಲಿಯೂ ಎರಡು ಮೊಳೆಗಳ ನಡುವಣ ಸಂದು, ಉರುಳೆ ಮತ್ತು ಕವಚಗಳ ನಡುವಣ ಸಂದಿಗೆ ಸರಿಸಮವಾಗಿ ಬರುತ್ತದೆ. ಅಡ್ಡಿಯೆಲ್ಲ ಹೋಯಿತು, ಉರುಳೆ ತಿರುಗಿತು. ಒಂದೇ ಒಂದು ಮೊಳೆ ಸ್ವಲ್ಪ ಮೇಲೋ ಕೆಳಗೋ ನಿಂತರೂ ಸಾಕು, ಬಾಗಿಲು ತೆರೆಯದು.

ಒಂದು ಕಚ್ಚಿನ ಆಳಕ್ಕೂ ಅದರ ಮುಂದಿನ ಆಳಕ್ಕೂ ಇರುವ ಅಂತರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಐದು ಮೊಳೆಗಳಿದ್ದು ಪ್ರತಿಯೊಂದಕ್ಕೂ ಹತ್ತು ಆಳಗಳು ಸಾಧ್ಯವೆಂದು ಇಟ್ಟುಕೊಂಡರೆ, ೧೦ನ್ನು ೧೦ರಿಂದ ಐದು ಸ್ಥಾನಗಳಿಗೆ ಗುಣಿಸಿ, ೧,೦೦,೦೦೦ ಬಗೆಯ ಕೈಗಳು ಲೆಕ್ಕಕ್ಕೆ ಸಿಗುತ್ತವೆ. ವಾಸ್ತವದಲ್ಲಿ ಅಷ್ಟು ಸಿಗುವುದಿಲ್ಲ. ಅಕ್ಕಪಕ್ಕದ ಎರಡು ಕಚ್ಚುಗಳ ನಡುವೆ ಆಳದ ಅಂತರ ಮಿತಿಮೀರಿದರೆ ಇಳಿಜಾರು ತೀರ ಕಡಿದಾಗಿ, ಕೈಯು ಬೀಗದಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಅಂತಹವುಗಳನ್ನು ತಯಾರಕರು ಬಿಟ್ಟುಬಿಡುತ್ತಾರೆ.

ಇನ್ನೊಂದು ಮುಖ್ಯ ಜಾತಿ ಸನ್ನೆಬೀಗ. ನಮ್ಮ ಹಳೆಯ ಪೆಟ್ಟಿಗೆಗಳಲ್ಲಿ, ಕಪಾಟುಗಳಲ್ಲಿ, ತೂಕದ ತೂಗುಬೀಗಗಳಲ್ಲಿ ಇದನ್ನು ಕಾಣಬಹುದು. ಇದರಲ್ಲಿ ಮೊಳೆಗಳಿಗೆ ಬದಲಾಗಿ ತೆಳ್ಳಗಿನ ಲೋಹದ ಸನ್ನೆಗಳು ಒಂದರ ಪಕ್ಕದಲ್ಲೊಂದು ಇರುತ್ತವೆ. ಪ್ರತಿ ಸನ್ನೆಯಲ್ಲಿಯೂ ಒಂದು ಸೀಳು. ಎಲ್ಲ ಸೀಳುಗಳೂ ಒಂದೇ ಸಾಲಿಗೆ ಬಂದರೆ ಅಗುಳಿಗೆ ಅಂಟಿದ ಗೂಟವು ಅವುಗಳ ಮೂಲಕ ಹಾದುಹೋಗುತ್ತದೆ. ಸನ್ನೆಯನ್ನು ಕಡಮೆ ಎತ್ತಿದರೂ ತಪ್ಪು, ಹೆಚ್ಚು ಎತ್ತಿದರೂ ತಪ್ಪು ಎಂಬ ಏರ್ಪಾಡನ್ನು ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ೧೭೭೮ರಲ್ಲಿ ಮಾಡಿದನು.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಯಿತು. ಬೀಗದ ವಿದ್ಯೆ ಮಂತ್ರವಲ್ಲ, ಕೈಚಳಕವಷ್ಟೇ ಅಲ್ಲ. ಮಿಲಿಮೀಟರಿನ ಸಣ್ಣ ಸಣ್ಣ ಭಾಗಗಳೊಡನೆ ವ್ಯವಹರಿಸುವ ಅಳತೆಯ ವಿದ್ಯೆ.

ಐವತ್ತೊಂದು ಗಂಟೆಗಳ ಪಾಠ

ಲಂಡನ್ನಿನ ಜೋಸೆಫ್ ಬ್ರಾಮಾ ೧೭೮೪ರಲ್ಲಿ ಒಂದು ಹೊಸ ಬೀಗಕ್ಕೆ ಪೇಟೆಂಟು ಪಡೆದನು. ಅವನ ಅಂಗಡಿಯ ಕಿಟಕಿಯಲ್ಲಿ ಅಂತಹ ಬೀಗವೊಂದನ್ನು ತೂಗುಹಾಕಿ, ಇದನ್ನು ಕೈಯಿಲ್ಲದೆ ತೆರೆಯುವ ಉಪಕರಣವನ್ನು ಮಾಡಿದವನಿಗೆ ೨೦೦ ಗಿನಿ ಬಹುಮಾನವೆಂದು ಬರೆದಿಡಲಾಗಿತ್ತು. ದಶಕಗಳು ಕಳೆದರೂ ಬಹುಮಾನ ಅಂಗಡಿಯಲ್ಲಿಯೇ ಉಳಿದಿತ್ತು. ೧೮೫೧ರಲ್ಲಿ ಲಂಡನ್ನಿನಲ್ಲಿ ಮಹಾಪ್ರದರ್ಶನ ನಡೆದಾಗ ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಬೀಗದ ಕುಶಲಿ ಅಲ್ಲಿಗೆ ಬಂದನು. ಆಗ ಅಭೇದ್ಯವೆಂದು ಹೆಸರಾಗಿದ್ದ ಚಬ್ ಬೀಗವನ್ನು ಅವನು ಅರ್ಧ ಗಂಟೆಯೊಳಗೆ ತೆರೆದನು. ಬಳಿಕ ಬ್ರಾಮಾ ಬೀಗಕ್ಕೆ ಕೈ ಹಾಕಿದನು. ಹದಿನಾರು ದಿನಗಳಲ್ಲಿ ಹರಡಿದ ಸುಮಾರು ೫೧ ಗಂಟೆಗಳ ದುಡಿಮೆಯಿಂದ ಅದೂ ತೆರೆಯಿತು. ಆ ಬೀಗ ಇಂದು ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ.

ಹಾಬ್ಸನ ಸಾಹಸದಿಂದ ದೊಡ್ಡ ಗದ್ದಲವೆದ್ದಿತು. ಬೀಗದ ದೋಷಗಳನ್ನು ಬಹಿರಂಗಪಡಿಸಿದರೆ ಕಳ್ಳರಿಗೆ ಪಾಠ ಹೇಳಿದಂತಾಗುವುದಿಲ್ಲವೆ ಎಂದು ಕೆಲವರು ಕೇಳಿದರು. ಕಳ್ಳರು ತಮ್ಮ ಕಸಬನ್ನು ಹೇಗೂ ಬಲ್ಲರು, ತಿಳಿಯದೆ ಮೋಸಹೋಗುವವರು ಸಾಧುಜನರೇ ಎಂದು ಇನ್ನು ಕೆಲವರು ಉತ್ತರಿಸಿದರು. ಈ ವಾದ ಇಂದಿಗೂ ಮುಗಿದಿಲ್ಲ. ನಮ್ಮ ತರುಣ ವಾಚಕರು ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ತಯಾರಿಕೆಯಲ್ಲಿ ಎಷ್ಟೇ ಸೂಕ್ಷ್ಮವಾದ ಲೋಪ ಉಳಿದರೂ ತಾಳ್ಮೆಯುಳ್ಳ ಬೆರಳು ಅದನ್ನು ಪತ್ತೆ ಹಚ್ಚುತ್ತದೆ. ಅಂತಹ ಬೆರಳು ಐದು ದಿನಗಳಲ್ಲಿ ತಯಾರಾಗುವುದಿಲ್ಲ. ಇದು ಮೊದಲನೆಯದು. ಈ ವಿದ್ಯೆಯನ್ನು ಬಲ್ಲವನು ಸಮಾಜದ ಕಣ್ಣಿಗೆ ಸದಾ ಬಿದ್ದಿರುತ್ತಾನೆ, ಆದುದರಿಂದ ಅವನ ನಡತೆಯೂ ವಿದ್ಯೆಯ ಭಾಗವೇ. ಇದು ಎರಡನೆಯದು.

ಒಳ್ಳೆಯ ತರಬೇತಿಯಲ್ಲಿ ಏನೇನಿರಬೇಕು?

ಬೀಗವನ್ನು ಕೈಯಿಲ್ಲದೆ ತೆರೆಯುವುದೇ ಈ ಕಸಬೆಂದು ಹಲವರು ತಿಳಿದಿದ್ದಾರೆ. ಅದು ಕಸಬಿನ ಒಂದು ಮೂಲೆ ಮಾತ್ರ. ನಿತ್ಯದ ಅನ್ನವನ್ನು ಕೊಡುವ ಕೆಲಸಗಳು ಬೇರೆಯೇ ಇವೆ.

ಮೊದಲನೆಯದು ಅರ ಹಿಡಿಯುವುದು. ಲೋಹದ ತುಂಡನ್ನು ವೈಸಿಗೆ ಕಚ್ಚಿಸಿ, ಅರದಿಂದ ತೀಡಿ, ಸಮತಲವನ್ನೂ ಕೋನವನ್ನೂ ತಂದು, ವರ್ನಿಯರ್ ಕ್ಯಾಲಿಪರಿನಿಂದ ಅಳೆದು ನೋಡುವ ಅಭ್ಯಾಸ ಇಲ್ಲದವನು ಕೈಯನ್ನು ಕಡೆಯಲಾರನು.

ಎರಡನೆಯದು ಬೀಗದಕೈಯನ್ನು ಕಡೆಯುವುದು. ಯಂತ್ರದಲ್ಲಿ ಮಾದರಿ ಕೈಯನ್ನು ಒಂದು ಕಡೆಯೂ ಕಚ್ಚಿಲ್ಲದ ಕೈಯನ್ನು ಇನ್ನೊಂದು ಕಡೆಯೂ ಬಿಗಿದರೆ ಮಾದರಿಯ ಏರಿಳಿತವನ್ನು ಕತ್ತರಿಯ ಚಕ್ರವು ಅನುಸರಿಸುತ್ತದೆ. ಇದು ಸುಲಭವೆಂದು ತೋರುತ್ತದೆ. ಆದರೆ ಸವೆದ ಕೈಯ ನಕಲು ಸವೆತವನ್ನೂ ನಕಲು ಮಾಡುತ್ತದೆ. ಒಂದೊಂದು ನಕಲಿನಲ್ಲಿಯೂ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗದಷ್ಟು ತಪ್ಪು ಒಂದೇ ದಿಕ್ಕಿನಲ್ಲಿ ಸೇರಿತೆನ್ನೋಣ. ನಕಲಿನ ನಕಲು ಮಾಡುತ್ತ ನಾಲ್ಕನೆಯದಕ್ಕೆ ಬರುವಾಗ ತಪ್ಪು ಐದರಲ್ಲೊಂದು ಮಿಲಿಮೀಟರಾಗುತ್ತದೆ. ಕೈ ಬೀಗಕ್ಕೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ಹೀಗಾದಾಗ ಬೀಗದಿಂದಲೇ ಮೂಲ ಅಳತೆಯನ್ನು ಕಂಡುಹಿಡಿದು ಹೊಸದಾಗಿ ಕಡೆಯುವುದನ್ನು ಕಲಿತವನೇ ಕೆಲಸಗಾರ.

ಮೂರನೆಯದು ಬೀಗದ ಮೊಳೆಗಳನ್ನು ಬದಲಾಯಿಸಿ ಹಳೆಯ ಕೈ ಕೆಲಸಕ್ಕೆ ಬಾರದಂತೆ ಮಾಡುವುದು. ಬಾಡಿಗೆಯ ಮನೆಗೆ ಹೊಸಬರು ಬಂದಾಗ ಬೇಕಾಗುವುದು ಇದೇ. ನಾಲ್ಕನೆಯದು ಮರದ ಬಾಗಿಲಲ್ಲಿಯೂ ಕಬ್ಬಿಣದ ಬಾಗಿಲಲ್ಲಿಯೂ ಬೀಗವನ್ನು ಕೂರಿಸುವುದು. ಅಂದರೆ ಅಷ್ಟಿಷ್ಟು ಬಡಗಿಯ ಕೆಲಸ. ಎಷ್ಟೋ ಸಲ ಕೆಟ್ಟಿರುವುದು ಬೀಗವಲ್ಲ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಅಗುಳಿ ತನ್ನ ರಂಧ್ರವನ್ನು ತಪ್ಪಿರುತ್ತದೆ. ಇದನ್ನು ಗುರುತಿಸುವವನು ಗಿರಾಕಿಯ ಹಣವನ್ನು ಉಳಿಸುತ್ತಾನೆ, ತನ್ನ ಹೆಸರನ್ನೂ ಉಳಿಸಿಕೊಳ್ಳುತ್ತಾನೆ.

ಐದನೆಯದು ವಿದ್ಯುತ್ತು. ೧೯೯೦ರ ದಶಕದಿಂದ ಮೋಟಾರುಗಳ ಬೀಗದಕೈಯೊಳಗೆ ಒಂದು ಸಣ್ಣ ಚಿಪ್ಪನ್ನು ಹುದುಗಿಸುವ ಪದ್ಧತಿ ಹರಡಿದೆ. ವಾಹನವು ಆ ಚಿಪ್ಪನ್ನು ರೇಡಿಯೊ ಅಲೆಗಳ ಮೂಲಕ ಪ್ರಶ್ನಿಸಿ, ಸರಿಯುತ್ತರ ಬಂದರೆ ಮಾತ್ರ ಎಂಜಿನ್ನಿಗೆ ಅನುಮತಿ ಕೊಡುತ್ತದೆ. ಕಚ್ಚುಗಳು ಸರಿಯಿದ್ದರೂ ಚಿಪ್ಪಿಲ್ಲದ ಕೈಯಿಂದ ಬಂಡಿ ಹೊರಡದು. ಮನೆ, ಹೋಟೆಲುಗಳ ಬಾಗಿಲುಗಳಿಗೂ ಕಾರ್ಡು, ಸಂಖ್ಯೆ, ಬೆರಳಚ್ಚುಗಳಿಂದ ತೆರೆಯುವ ಬೀಗಗಳು ಬಂದಿವೆ. ಇವುಗಳ ವಿಚಾರವನ್ನೇ ಎತ್ತದ ತರಬೇತಿ ಅರ್ಧ ತರಬೇತಿ.

ಕೊನೆಯದು ಕಾನೂನು. ಅತಿಕ್ರಮವಾಗಿ ಮನೆ ಹೊಗುವುದಕ್ಕಾಗಿ ಬೀಗವನ್ನು ತೆರೆಯುವುದನ್ನು ನಮ್ಮ ದಂಡಸಂಹಿತೆ ಕನ್ನ ಹಾಕುವ ಅಪರಾಧದಲ್ಲಿಯೇ ಸೇರಿಸಿತ್ತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಹಾಗೆಯೇ ಇದೆ. ಬಾಗಿಲನ್ನು ಒಡೆದರೆ ಮಾತ್ರ ಅಪರಾಧ, ನಯವಾಗಿ ತೆರೆದರೆ ಅಲ್ಲ ಎಂದು ಯಾರೂ ಭಾವಿಸಬಾರದು.

ಪ್ರಮಾಣಪತ್ರವೂ ಪರವಾನಗಿಯೂ

ಇನ್ನು ಎಲ್ಲಿ ಕಲಿಯಬೇಕೆಂಬುದನ್ನು ನೋಡೋಣ. ಬ್ರಿಟನ್ನಿನಲ್ಲಿ ಬೀಗದ ಕೆಲಸ ಮಾಡಲು ಸರಕಾರದ ಪರವಾನಗಿ ಬೇಕಾಗಿಲ್ಲ. ಯಾರು ಬೇಕಾದರೂ ನಾಳೆಯೇ ಹಲಗೆ ತೂಗುಹಾಕಬಹುದು. ಅದರಿಂದಾಗಿ ಅಲ್ಲಿ ಕೆಲವೇ ದಿನಗಳ ತರಬೇತಿಗಳು ಹೇರಳವಾಗಿವೆ. ಈ ಕೊರತೆಯನ್ನು ತುಂಬಲು ಕಸಬುದಾರರ ಸಂಘವೊಂದು, ಮಾಸ್ಟರ್ ಲಾಕ್‌ಸ್ಮಿತ್ಸ್ ಅಸೋಸಿಯೇಷನ್ ಎಂಬುದು, ತಾನೇ ಪರೀಕ್ಷೆಗಳನ್ನು ನಡೆಸುತ್ತದೆ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯ, ಟೆಕ್ಸಾಸ್ ಮುಂತಾದ ಕೆಲವು ರಾಜ್ಯಗಳು ಪರವಾನಗಿಯನ್ನು ಕಡ್ಡಾಯ ಮಾಡಿವೆ. ಎಲ್ಲ ರಾಜ್ಯಗಳೂ ಮಾಡಿಲ್ಲ. ಇಲ್ಲಿ ಒಂದು ಭೇದವನ್ನು ಮರೆಯಬಾರದು. ಪರವಾನಗಿಯನ್ನು ಕೊಡುವುದು ಸರಕಾರ. ಪ್ರಮಾಣಪತ್ರವನ್ನು ಯಾವ ಶಾಲೆಯಾದರೂ ಅಚ್ಚು ಹಾಕಿಸಬಹುದು. ‘ಪ್ರಮಾಣಪತ್ರ ಕೊಡಲಾಗುವುದು’ ಎಂಬ ಮಾತಿನ ಬೆಲೆ, ಅದನ್ನು ಕೊಡುವವರ ಬೆಲೆಗಿಂತ ಹೆಚ್ಚಲ್ಲ.

ನಮ್ಮ ದೇಶಕ್ಕೆ ಈ ಕಸಬು ಹೊಸದಲ್ಲ. ಉತ್ತರಪ್ರದೇಶದ ಅಲೀಗಢವೂ ತಮಿಳುನಾಡಿನ ದಿಂಡಿಗಲ್ಲೂ ಬೀಗಗಳಿಗೆ ಹೆಸರಾದ ಊರುಗಳು. ದಿಂಡಿಗಲ್ಲಿನ ಬೀಗಕ್ಕೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮುಂಬಯಿಯಲ್ಲಿ ಅರ್ದೇಶಿರ್ ಗೋದ್ರೇಜ್ ೧೮೯೭ರಲ್ಲಿ ಬೀಗದ ತಯಾರಿಕೆಯನ್ನು ಆರಂಭಿಸಿದನು. ಆದರೆ ಬೀಗದ ದುರಸ್ತಿಯು ಬಹುಮಟ್ಟಿಗೆ ತಂದೆಯಿಂದ ಮಗನಿಗೆ, ಉಸ್ತಾದನಿಂದ ಶಿಷ್ಯನಿಗೆ ಬಂದ ವಿದ್ಯೆ. ಅಂಗಡಿಯ ಮುಂದೆ ಕುಳಿತು ಕಲಿತವನಿಗೆ ಕೈ ಚೆನ್ನಾಗಿ ಪಳಗುತ್ತದೆ. ಅಳತೆಯ ಶಾಸ್ತ್ರ, ನಕ್ಷೆ ಓದುವುದು, ವಿದ್ಯುತ್ತಿನ ಪರಿಚಯ ಇವು ಮಾತ್ರ ಸಿಗದಿರಬಹುದು.

ಅದಕ್ಕೆ ಪೂರಕವಾಗಿ ಕೈಗಾರಿಕಾ ತರಬೇತಿ ಸಂಸ್ಥೆಗಳಿವೆ. ೧೯೫೦ರಲ್ಲಿ ಆರಂಭವಾದ ಕುಶಲಕರ್ಮಿಗಳ ತರಬೇತಿ ಯೋಜನೆಯಲ್ಲಿ ಇವು ನಡೆಯುತ್ತಿವೆ. ಇವುಗಳಲ್ಲಿ ಹತ್ತನೆಯ ತರಗತಿ ಮುಗಿಸಿದವರಿಗೆ ಎರಡು ವರ್ಷಗಳ ಫಿಟ್ಟರ್ ಶಿಕ್ಷಣವಿದೆ. ಅರ, ಡ್ರಿಲ್ಲು, ವರ್ನಿಯರು, ಮೈಕ್ರೋಮೀಟರು, ಒಂದು ಭಾಗವನ್ನು ಇನ್ನೊಂದಕ್ಕೆ ಹೊಂದಿಸುವುದು, ಇವೆಲ್ಲವೂ ಅಲ್ಲಿ ಸಿಗುತ್ತವೆ. ಬೀಗದ ಕೆಲಸಕ್ಕೆ ಇದಕ್ಕಿಂತ ಭದ್ರವಾದ ಅಡಿಪಾಯ ನಮಗೆ ಕಾಣುವುದಿಲ್ಲ. ಫಿಟ್ಟರಿನ ಶಿಕ್ಷಣ ಪಡೆದು, ಆಮೇಲೆ ಒಬ್ಬ ಅನುಭವಿಯ ಅಂಗಡಿಯಲ್ಲಿ ವರ್ಷವೊಂದನ್ನು ಕಳೆದವನಿಗೆ ಎರಡು ದಾರಿಗಳು ತೆರೆದಿರುತ್ತವೆ: ಬೀಗದ ಕೆಲಸ ನಡೆದರೆ ಅದು, ನಡೆಯದಿದ್ದರೆ ಕಾರ್ಖಾನೆ.

ಹಣ ಕಟ್ಟುವ ಮುನ್ನ

ಚಿಕ್ಕ ಅವಧಿಯ ತರಬೇತಿಗಳೆಲ್ಲವೂ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಅಡಿಪಾಯವಿದ್ದವನಿಗೆ ಒಂದು ವಾರದ ತರಬೇತಿಯೂ ಹೊಸ ವಿಷಯವೊಂದನ್ನು ಕಲಿಸಬಲ್ಲದು. ಆದರೆ ಅದರಲ್ಲಿ ತನ್ನ ಪಾಲಿಗೆ ಬರುವುದೆಷ್ಟು ಎಂಬುದನ್ನು ಕಲಿಯುವವನು ಲೆಕ್ಕ ಹಾಕಬೇಕು. ಒಂದು ಉದಾಹರಣೆ ನೋಡಿ. ಐದು ದಿನಗಳ ತರಬೇತಿ; ದಿನಕ್ಕೆ ಆರು ಗಂಟೆ; ಒಟ್ಟು ೩೦ ಗಂಟೆ. ಅದರಲ್ಲಿ ಅರ್ಧ ಉಪನ್ಯಾಸಕ್ಕೆ ಹೋದರೆ ಕೈಕೆಲಸಕ್ಕೆ ಉಳಿಯುವುದು ೧೫ ಗಂಟೆ. ವಿದ್ಯಾರ್ಥಿಗಳು ಹನ್ನೆರಡು, ಯಂತ್ರಗಳು ಮೂರು ಎಂದಿಟ್ಟುಕೊಳ್ಳಿ. ಆಗ ಒಂದು ಯಂತ್ರಕ್ಕೆ ನಾಲ್ವರು. ಒಬ್ಬೊಬ್ಬನ ಕೈಗೆ ಯಂತ್ರ ಬರುವುದು ಮೂರು ಗಂಟೆ ನಲವತ್ತೈದು ನಿಮಿಷ! ಕಟ್ಟಿದ ಶುಲ್ಕವನ್ನು ಮೂವತ್ತರಿಂದಲ್ಲ, ಈ ಸಂಖ್ಯೆಯಿಂದ ಭಾಗಿಸಿ ನೋಡಿದರೆ ನಿಜವಾದ ಬೆಲೆ ತಿಳಿಯುತ್ತದೆ.

ಆದುದರಿಂದ ತರಬೇತಿಯ ಸ್ಥಳಕ್ಕೆ ಸ್ವತಃ ಹೋಗಿ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಕಲಿಸುವವರು ಇಂದಿಗೂ ಈ ಕಸಬಿನಲ್ಲಿದ್ದಾರೆಯೆ? ಒಬ್ಬ ಗುರುವಿಗೆ ಎಷ್ಟು ಮಂದಿ ಶಿಷ್ಯರು? ಪ್ರತಿಯೊಬ್ಬನಿಗೂ ಒಂದು ವೈಸು, ಒಂದು ಕಟ್ಟು ಅರ ಇವೆಯೆ? ಬಿಚ್ಚಿ ಜೋಡಿಸಲು ಕೊಡುವ ಬೀಗಗಳು ಎಷ್ಟು ಬಗೆಯವು? ಶುಲ್ಕದಲ್ಲಿ ಉಪಕರಣಗಳು ಸೇರಿವೆಯೆ, ಅಥವಾ ಆಮೇಲೆ ಅವರಿಂದಲೇ ದುಬಾರಿಯಾಗಿ ಕೊಳ್ಳಬೇಕೆ? ಹಿಂದೆ ಕಲಿತವರಲ್ಲಿ ಇಬ್ಬರು ಮೂವರನ್ನು ಕಂಡು ಮಾತನಾಡಬಹುದೆ? ಕಲಿತ ಮೇಲೆ ಸಂಶಯ ಬಂದರೆ ಕೇಳಲು ಅವಕಾಶವಿದೆಯೆ? ಪ್ರಮಾಣಪತ್ರವನ್ನು ಸರಕಾರದ ಯಾವ ಮಂಡಲಿ ಮನ್ನಿಸಿದೆ?

ಇವುಗಳೆಲ್ಲಕ್ಕಿಂತ ಹೆಚ್ಚಿನ ಪ್ರಶ್ನೆಯೊಂದಿದೆ: ಸೇರಬಯಸುವವನನ್ನು ಕುರಿತು ಅವರು ಏನನ್ನು ಕೇಳುತ್ತಾರೆ? ಹೆಸರು, ವಿಳಾಸ, ಗುರುತಿನ ಪತ್ರ ಒಂದನ್ನೂ ಕೇಳದೆ ಹಣವನ್ನು ಮಾತ್ರ ಎಣಿಸಿಕೊಂಡು ಬೀಗ ತೆರೆಯುವುದನ್ನು ಕಲಿಸುವ ಕಡೆ, ನಾಳೆ ಪಕ್ಕದ ಬೆಂಚಿನಲ್ಲಿ ಕುಳಿತುಕೊಳ್ಳುವವನು ಯಾರೆಂದು ಹೇಳಬಲ್ಲವರಾರು? ‘ತಿಂಗಳಿಗೆ ಇಷ್ಟು ಸಾವಿರ ಸಂಪಾದನೆ ಖಂಡಿತ’ ಎಂಬ ಭರವಸೆಯಿಂದಲೂ ದೂರವಿರುವುದು ಲೇಸು. ಗಿರಾಕಿಗಳ ಭರವಸೆಯನ್ನು ಶಾಲೆ ಕೊಡಲಾರದು. ಹಣ ಕಟ್ಟಿದ ಮೇಲೆ ಈ ವಿಚಾರಣೆಗೆ ಹೊರಡುವುದು, ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ನಂಬಿಕೆಯ ಕೈ

ಜಗಲಿಯ ಮೇಲೆ ಕಾಯುತ್ತಿದ್ದ ಆ ಕುಟುಂಬವನ್ನು ಇನ್ನೊಮ್ಮೆ ನೆನೆಯೋಣ. ಬೀಗ ತೆರೆದವನಿಗೆ ಅವರು ಕೂಲಿ ಕೊಟ್ಟರು, ನೀರು ಕೊಟ್ಟರು, ಕೈ ಮುಗಿದರು. ಆದರೆ ಅವನು ಹೋದ ಮೇಲೆ ಮನೆಯೊಡತಿಯ ಮನಸ್ಸಿನಲ್ಲಿ ಒಂದು ಸಣ್ಣ ಅಳುಕು ಹುಟ್ಟದಿರುತ್ತದೆಯೆ? ಇಷ್ಟು ಸುಲಭವಾಗಿ ತೆರೆದವನು ನಾವಿಲ್ಲದಾಗಲೂ ತೆರೆಯಬಲ್ಲನಲ್ಲವೆ? ಆ ಅಳುಕನ್ನು ನಿವಾರಿಸುವ ಉಪಕರಣ ಯಾವ ಚೀಲದಲ್ಲಿಯೂ ಇಲ್ಲ. ಬಾಗಿಲನ್ನು ಮುಟ್ಟುವ ಮೊದಲು ‘ಈ ಮನೆ ನಿಮ್ಮದೆಂಬುದಕ್ಕೆ ಗುರುತೇನು?’ ಎಂದು ವಿನಯದಿಂದ ಕೇಳುವುದು, ನೆರೆಯವರೊಬ್ಬರನ್ನು ಸಾಕ್ಷಿಯಾಗಿ ನಿಲ್ಲಿಸಿಕೊಳ್ಳುವುದು, ಮಾಡಿದ ಕೆಲಸವನ್ನು ಪುಸ್ತಕದಲ್ಲಿ ಬರೆದಿಡುವುದು, ಗಿರಾಕಿಯ ಕೈಯ ನಕಲೊಂದನ್ನು ತನ್ನಲ್ಲಿ ಉಳಿಸಿಕೊಳ್ಳದಿರುವುದು, ಸಾಬೂನಿನ ಮೇಲೆ ಒತ್ತಿ ತಂದ ಅಚ್ಚಿನಿಂದ ಕೈ ಮಾಡಿಕೊಡೆಂದು ಬಂದವನನ್ನು ಹಿಂದಕ್ಕೆ ಕಳಿಸುವುದು, ಇವು ಆ ಅಳುಕನ್ನು ಕ್ರಮಕ್ರಮವಾಗಿ ಕರಗಿಸುತ್ತವೆ.

ಗುರುವನ್ನು ಆರಿಸುವಾಗ ಇದನ್ನೂ ಗಮನಿಸಬೇಕು. ಮೊದಲ ದಿನವೇ ಬೀಗ ತೆರೆಯುವ ಚಮತ್ಕಾರವನ್ನು ತೋರಿಸಿ ಶಿಷ್ಯರನ್ನು ಬೆರಗುಗೊಳಿಸುವವನಿಗಿಂತ, ಮೊದಲ ತಿಂಗಳು ಅರವನ್ನು ಹಿಡಿಸಿ, ಅಳತೆ ತಪ್ಪಿದರೆ ಮತ್ತೆ ಮಾಡಿಸಿ, ಯಾರಿಗೆ ಬಾಗಿಲು ತೆರೆಯಬಾರದೆಂಬುದನ್ನು ಮೊದಲು ಹೇಳಿಕೊಡುವವನು ಮೇಲು. ಅಂತಹ ಗುರು ಸಂಸ್ಥೆಯ ಕಟ್ಟಡದಲ್ಲಿ ಸಿಗಲಿ, ಬೀದಿಯ ಮೂಲೆಯ ಕೊಡೆಯ ನೆರಳಿನಲ್ಲಿ ಸಿಗಲಿ, ಅವನನ್ನು ಬಿಡಬಾರದು.